ಭರಣಿಗೆ ಸೇರದ ಗುಂಡು

ಹುಣಸೆಮರದ ಬಿಡಾರ,
ಜಾಂಬೆಜಿ ಕಣಿವೆ
19 ಆಗಸ್ಟ್ 1997

ನನ್ನ ಮುದ್ದು ಸನೆಟ್‌ಗೆ ಅಮ್ಮನ ಪ್ರೀತಿಯ ನೆನಪುಗಳು.

ನಿನ್ನ ಮೂರು ಕಾಗದಗಳೂ ಬಂದು ಸೇರಿವೆ. ಮೂರನೆಯದರಲ್ಲಂತೂ "ಅಮ್ಮ, ಬದುಕಿದ್ದೀಯಾ?" ಎಂದೇ ಶುರುಮಾಡಿದ್ದೀಯ. ಬದುಕಿದ್ದೇನೆ ಮಗಳೇ, ಕೋಪ ಮಾಡಿಕೊಳ್ಳಬೇಡ. ಬೇಟೆಯ ಕಾಲ, ಒಬ್ಬ ಗಿರಾಕಿ ಜೀಪು ಹತ್ತಿ ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿಯುತ್ತಾನೆ. ಫ್ರಿಜ್ಜಿನ ಗ್ಯಾಸು ಮುಗಿದು ಮಾಂಸವನ್ನೆಲ್ಲ ಉಪ್ಪು ಹಚ್ಚಿ ಒಣಹಾಕಬೇಕಾಯಿತು. ಒಣಹಾಕಿದ್ದ ಚರ್ಮವೊಂದನ್ನು ಕತ್ತೆಕಿರುಬ ಎಳೆದುಕೊಂಡು ಹೋಯಿತು. ಇವೆಲ್ಲ ನೆಪ ಎಂದು ನಿನಗೂ ಗೊತ್ತು. ಬರೆಯಲು ಕೂತಾಗಲೆಲ್ಲ ಕೈ ನಿಂತುಬಿಡುತ್ತಿತ್ತು. ಯಾಕೆಂದು ಮುಂದೆ ಹೇಳುತ್ತೇನೆ, ನಿಂತುಕೊಂಡು ಓದಬೇಡ, ಕೂತು ಓದು.

ನಿಮ್ಮಪ್ಪನ ಮಂಡಿನೋವು ಹಾಗೇ ಇದೆ. ಡಾಕ್ಟರು ನಡೆಯಬೇಡಿ ಅಂದರೆ, "ಹಾಗಾದ್ರೆ ಕೋಣಗಳಿಗೆ ಹೇಳಿ, ಇಲ್ಲಿಗೇ ಬರ್ಲಿ" ಅಂದರಂತೆ. ಆ ಮನುಷ್ಯನಿಗೆ ಬುದ್ಧಿ ಹೇಳುವ ಬದಲು ಬಾವಿಕಟ್ಟೆಗೆ ಹೇಳಬಹುದು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅಕ್ಟೋಬರಿನಲ್ಲಿ ನಿನ್ನ ಪರೀಕ್ಷೆ. ಪರೀಕ್ಷಕರ ಕಣ್ಣೆದುರು ಕಾಡುಕೋಣದ ಜಾಡು ಹಿಡಿದು ಹೋಗಿ, ಹತ್ತಿರದಿಂದ ಹೊಡೆದು ಬೀಳಿಸಬೇಕು. ಬಿದ್ದರೆ ನಿನಗೆ ಬೇಟೆ ಮಾರ್ಗದರ್ಶಿಯ ಪರವಾನಗಿ. ನಿನ್ನ ಕೈಯಲ್ಲಿರುವುದು ಅಣ್ಣನ ಕೋವಿ. "ಡಾನಿಯ ಕೋವಿಗೆ ಯಾವ ಗುಂಡು ಹಾಕಲಿ, ಹೆಗಲ ಮೂಳೆಗೆ ತಾಗಿದರೂ ಕೈ ಕೊಡದ ಗುಂಡು ಯಾವುದು?" ಎಂದು ಮೂರೂ ಕಾಗದದಲ್ಲಿ ಕೇಳಿದ್ದೀಯ. ಪರೀಕ್ಷೆ ಕೈಕೊಟ್ಟರೆ ಬರುವ ವರ್ಷ ಮತ್ತೆ ಕೂರಬಹುದು. ಗುಂಡು ಕೈಕೊಟ್ಟರೆ ಏನಾಗುತ್ತದೆ ಎನ್ನುವುದನ್ನು ಈ ಮನೆಯಲ್ಲಿ ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ನಿಮ್ಮಪ್ಪನನ್ನು ಕೇಳಿದೆ. "ಗಟ್ಟಿ ಗುಂಡು. ಮೊದಲನೇದೂ ಅದೇ, ಕೊನೇದೂ ಅದೇ" ಅಂದರು. ಡಾನಿ ಹೋದಾಗಿನಿಂದ ಅವರದು ಇದೊಂದೇ ಮಂತ್ರ. ಗಟ್ಟಿ ಗುಂಡು ಅರಳುವುದಿಲ್ಲ, ಒಡೆಯುವುದಿಲ್ಲ, ಮೂಳೆಯನ್ನು ಕೊರೆದುಕೊಂಡು ನೆಟ್ಟಗೆ ಹೋಗುತ್ತದೆ, ನಿಜ. ಆದರೆ ಆಚೆ ಬದಿಯಿಂದ ಹೊರಟೂ ಹೋಗುತ್ತದೆ. ಹೋದ ವರ್ಷ ಅವರ ಗುಂಡು ಕೋಣವನ್ನು ದಾಟಿ ಹಿಂದೆ ನಿಂತಿದ್ದ ಕಾಡೆಮ್ಮೆಗೆ ಬಡಿಯಿತು. ಅದರ ಕರು ಕತ್ತಲಾಗುವವರೆಗೂ ಅಲ್ಲೇ ಸುತ್ತುತ್ತಿತ್ತು. ಆ ರಾತ್ರಿ ನಿಮ್ಮಪ್ಪ ಊಟ ಮಾಡಲಿಲ್ಲ, ಆದರೆ ಮಂತ್ರವನ್ನೂ ಬಿಡಲಿಲ್ಲ.

ಗುಂಡು ಒಳಗೆ ಹೋಗುವುದನ್ನು ನೋಡುವವರು ಅವರು. ಒಳಗೆ ಹೋಗಿ ಅದು ಏನು ಮಾಡಿತು ಎಂದು ನೋಡುವವಳು ನಾನು. ಚರ್ಮ ಸುಲಿಯುವ ಚಪ್ಪರದಲ್ಲಿ ಮೊಣಕೈವರೆಗೆ ರಕ್ತ ಮಾಡಿಕೊಂಡು ನಿಂತವಳಿಗೆ ಕೆಟಲಾಗಿನ ಬಣ್ಣದ ಚಿತ್ರ ತೋರಿಸಬೇಡಿ ಎಂದು ಗಿರಾಕಿಗಳಿಗೂ ಹೇಳುತ್ತೇನೆ. ಒಬ್ಬೊಬ್ಬರಿಗೂ ತಮ್ಮ ಗುಂಡೇ ದೊಡ್ಡದು, ಹೆತ್ತವರಿಗೆ ಹೆಗ್ಗಣ ಮುದ್ದು. ಥಳಥಳ ಹೊಳೆಯುವ ಮೆತ್ತನೆ ಮೂತಿಯ ಸೀಸದ ಗುಂಡು ಜಿಂಕೆಗೆ ಸರಿ. ಕೋಣದ ಹೆಗಲಿಗೆ ತಾಗಿದರೆ ತಾಮ್ರದ ಹೊದಿಕೆ ಒಂದು ಕಡೆ, ಸೀಸ ಇನ್ನೊಂದು ಕಡೆ. ಮೂಳೆಯ ಮೇಲೆ ಬೂದುಬಣ್ಣದ ಪುಡಿ ಮೆತ್ತಿಕೊಂಡಿರುತ್ತದೆ. ಹೊರಗೆ ಥಳುಕು, ಒಳಗೆ ಹುಳುಕು.

ಅಡುಗೆಮನೆ ಕಿಟಕಿಯ ಮೇಲಿನ ಜಾಮಿನ ಭರಣಿ ನೆನಪಿದೆಯಲ್ಲ? ಪ್ರಾಣಿಯೊಳಗಿಂದ ತೆಗೆದ ಗುಂಡನ್ನು ತೊಳೆದು ಹೊಡೆದವನ ಕೈಗೆ ಕೊಡುವುದು ನಮ್ಮ ಕಡೆಯ ಮರ್ಯಾದೆ. ಮನೆಯವರು ಹೊಡೆದದ್ದಾದರೆ ಅದು ಭರಣಿಗೆ. ಅಣಬೆಯಂತೆ ಅರಳಿದ ಗುಂಡುಗಳನ್ನು ನೀನೂ ಡಾನಿಯೂ ಮೇಜಿನ ಮೇಲೆ ಸುರಿದುಕೊಂಡು ಸೈನ್ಯ ಕಟ್ಟುತ್ತಿದ್ದಿರಿ. ಯಾವ ಗುಂಡು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಿಮ್ಮಪ್ಪ ಭರಣಿಯನ್ನು ಇಳಿಸಿ ತೋರಿಸುತ್ತಿದ್ದರು. ಈ ಕಣಿವೆಯ ಎಲ್ಲ ಬೇಟೆಗಾರರ ಮನೆಯಲ್ಲೂ ಇಂಥದ್ದೊಂದು ಭರಣಿ ಇದೆ, ಎಲ್ಲರೂ ಅದನ್ನು ನೋಡಿಯೇ ಗುಂಡು ಆರಿಸುತ್ತಾರೆ.

ಎಷ್ಟು ವರ್ಷ ಅದನ್ನು ಒರೆಸಿಟ್ಟರೂ ನನಗೆ ಹೊಳೆಯದೇ ಇದ್ದ ಮಾತು ಈ ಚಳಿಗಾಲದಲ್ಲಿ ಹೊಳೆಯಿತು. ಆ ಭರಣಿಯಲ್ಲಿರುವುದು ಸಿಕ್ಕಿದ ಪ್ರಾಣಿಗಳ ಗುಂಡು ಮಾತ್ರ. ಸೋತ ಗುಂಡುಗಳು ಸಿಗದ ಪ್ರಾಣಿಗಳ ಮೈಯಲ್ಲಿ ಕಾಡು ತಿರುಗುತ್ತಿವೆ. ಗೆದ್ದವರನ್ನಷ್ಟೇ ಕೂರಿಸಿಕೊಂಡು ಯುದ್ಧದ ಕಥೆ ಕೇಳಿದ ಹಾಗಾಯಿತು ನಮ್ಮ ಬುದ್ಧಿ. ಇದನ್ನು ನಿಮ್ಮಪ್ಪನಿಗೆ ಹೇಳಿದರೆ, "ಸಿಗದೇ ಇರೋದನ್ನ ಎಲ್ಲಿಂದ ತಂದು ಭರಣಿಗೆ ಹಾಕ್ಲಿ?" ಎಂದು ರೇಗಿದರು.

ಇನ್ನು ಕೈ ನಿಂತ ವಿಷಯ.

ಬೈರಾದಿಂದ ಒಬ್ಬ ಹಲ್ಲಿನ ಡಾಕ್ಟರು ಬಂದಿದ್ದರು, ಒಳ್ಳೆ ಮನುಷ್ಯ. ನಿಮ್ಮಪ್ಪ ಅವರಿಗೆ ಒಂದು ಮುದಿ ಕೋಣ ಹೊಡೆಸಿದರು. ಹಿಂಡಿನಿಂದ ದೂರ ಒಂಟಿಯಾಗಿ ಮೇಯುತ್ತಿತ್ತು, ಎಡಗಾಲು ಕುಂಟು. ಚಪ್ಪರಕ್ಕೆ ತಂದರು. ನೀವಿಬ್ಬರೂ 'ಸೆಕುರು', ತಾತ, ಎಂದು ಹೆಗಲೇರುತ್ತಿದ್ದ ಮುರಾಂಬಿವಾ ಸುಲಿಯಲು ಕೂತರು. ಜಾಡು ಹಿಡಿಯುವ ಕೆಲಸವನ್ನು ಅವರು ಬಿಟ್ಟು ಎಷ್ಟೋ ಕಾಲವಾಯಿತು, ಈಗ ಚಾಕುವಿನ ಕೆಲಸ ಮಾತ್ರ. ನನ್ನನ್ನು ಈಗಲೂ 'ಮಾಯ್ ಡಾನಿ', ಡಾನಿಯ ತಾಯಿ, ಎಂದೇ ಕರೆಯುತ್ತಾರೆ. ಆ ಹೆಸರು ಬೇಡ, ಅವಳಿಗೆ ನೋವಾಗುತ್ತೆ ಎಂದು ನಿಮ್ಮಪ್ಪ ಒಮ್ಮೆ ಹೇಳಿದ್ದಕ್ಕೆ, "ಹೆತ್ತು ಸಂಪಾದಿಸಿದ ಹೆಸರು ಬಾಸ್, ಅದನ್ನ ಯಾರು ವಾಪಸ್ ತಗೊಳ್ತಾರೆ?" ಅಂದಿದ್ದರಂತೆ.

ಎಡಹೆಗಲು ಬಿಡಿಸುವಾಗ ಚಾಕು ಕಿರ್ರೆಂದಿತು.

"ಇಲ್ಲಿ ಬನ್ನಿ ಮಾಯ್ ಡಾನಿ. ಏನೋ ಇದೆ."

"ಮುಳ್ಳೋ ಕಲ್ಲೋ ಇರ್ಬೇಕು, ತೆಗೀರಿ."

"ಮೂಳೆ ಒಳಗೆ ಯಾರು ಕಲ್ಲಿಡ್ತಾರೆ? ನೋಡಿ, ಮುರಿದು ಕೂಡಿರೋ ಮೂಳೆ ಇದು."

ಹೆಗಲ ಹಲಗೆಯ ಮೂಳೆ ಎಂದೋ ಮುರಿದು, ಮುಷ್ಟಿಯಷ್ಟು ದಪ್ಪ ಗಂಟು ಕಟ್ಟಿ ಕೂಡಿಕೊಂಡಿತ್ತು. ಹಲಗೆಯ ಹಿಂದಿನ ಅಂಚಿನಲ್ಲಿ ಇನ್ನೊಂದು ಗಂಟು. ಬೇಯಿಸಿ, ಗರಗಸದಿಂದ ಸೀಳಿದೆ. ಒಳಗೆ ಒಂದು ಗುಂಡು. ಸೀಸವಿಲ್ಲದ ಬರೀ ತಾಮ್ರದ್ದು. ಮೂತಿ ನಾಲ್ಕು ಎಸಳಾಗಿ ಅರಳಿ ಹಿಂದಕ್ಕೆ ಮಡಚಿಕೊಂಡಿತ್ತು, ಹೂವಿನ ಹಾಗೆ.

ಅಂಥ ಗುಂಡು ಈ ಕಣಿವೆಯಲ್ಲಿ ಆ ಕಾಲಕ್ಕೆ ಯಾರ ಹತ್ತಿರ ಇತ್ತು ಎಂದು ನಾನು ಹೇಳಬೇಕಿಲ್ಲ. ಪೀಟರ್ಸ್‌ಬರ್ಗಿನ ನಿನ್ನ ಮಾವ, ಹೊಸದಾಗಿ ಬಂದಿದೆ ಎಂದು ಡಾನಿಗೆ ತಂದುಕೊಟ್ಟ ಒಂದೇ ಒಂದು ಪೆಟ್ಟಿಗೆ.

ಆರು ವರ್ಷ ನಮಗೆ ಗೊತ್ತಿದ್ದದ್ದು ಇಷ್ಟೇ. ಗಿರಾಕಿಯ ಗುಂಡು ಕೋಣವನ್ನು ಗಾಯಗೊಳಿಸಿ ಬಿಟ್ಟಿತು. ಗಿರಾಕಿಯನ್ನು ಮರದ ಕೆಳಗೆ ಕೂರಿಸಿ ಡಾನಿಯೂ ಮುರಾಂಬಿವಾನೂ ಪೊದೆಯೊಳಗೆ ಹೋದರು. ಕೋಣ ನುಗ್ಗಿತು, ಡಾನಿ ಒಂದೇ ಈಡು ಹೊಡೆದ. ಆಮೇಲೆ ಅವನು ಉಳಿಯಲಿಲ್ಲ, ಕೋಣ ಸಿಗಲಿಲ್ಲ. ಆ ಈಡು ತಪ್ಪಿತ್ತೋ, ತಾಗಿ ಚೂರಾಗಿತ್ತೋ, ಹೇಳಬಲ್ಲ ಸಾಕ್ಷಿ ಕುಂಟಿಕೊಂಡು ಕಾಡಿನಲ್ಲಿ ಮೇಯುತ್ತಿತ್ತು.

ಮುರಾಂಬಿವಾ ಆ ಮೂಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು.

"ಅದು ಬಂದಿದ್ದು ನನ್ನ ಮೇಲೆ" ಅಂದರು. "ಡಾನಿ ಪಕ್ಕದಲ್ಲಿದ್ದ, ಅದರ ಎಡಕ್ಕೆ. ಎದೆ ಕಾಣೋವರೆಗೂ ಕಾಯೋ ಹಾಗಿರ್ಲಿಲ್ಲ ಅವನು. ಕಾದಿದ್ರೆ ಇವತ್ತು ನನ್ನ ಮೂಳೇನೂ ಯಾರೋ ಹಿಂಗೇ ಹಿಡ್ಕೊಂಡು ಕೂತಿರ್ತಿದ್ರು."

"ಇದನ್ನ ಆಗ್ಲೇ ಹೇಳಿದ್ರಲ್ಲ ಸೆಕುರು."

"ಹೇಳಿದ್ದೆ. ಆದ್ರೆ ಯಾಕೆ ಅದು ನನ್ನ ಬಿಟ್ಟು ಅವನ ಕಡೆ ವಾಲ್ತು ಅಂತ ನಂಗೂ ಗೊತ್ತಿರ್ಲಿಲ್ಲ. ಈಗ ನೋಡಿ. ಎಡಹೆಗಲು ಮುರಿದಿದೆ. ಮುರಿದ ಕಡೆಗೇ ಕುಸೀತು."

ನಿನ್ನ ಅಣ್ಣನ ಗುಂಡು ಓರೆಯಾಗಿ ಹೊಕ್ಕಿದೆ. ಮೂಳೆ ಮುರಿದು, ಒಡೆಯದೆ, ಹಲಗೆಗೂ ಪಕ್ಕೆಲುಬಿಗೂ ನಡುವೆ ಹಿಂದಕ್ಕೆ ಸಾಗಿ, ಅಂಚಿನಲ್ಲಿ ಕಚ್ಚಿಕೊಂಡು ನಿಂತಿದೆ. ಸೀಸದ್ದಾಗಿದ್ದರೆ ಮೂಳೆಯ ಮೇಲೆಯೇ ಪುಡಿಯಾಗುತ್ತಿತ್ತು, ಕೋಣ ನೆಟ್ಟಗೆ ಮುದುಕನ ಮೇಲೆ ಹೋಗುತ್ತಿತ್ತು. ಆ ಗುಂಡು ತನ್ನ ಕೆಲಸ ಮಾಡಿದೆ ಸನೆಟ್. ಒಬ್ಬನನ್ನು ಉಳಿಸಿದೆ. ಇನ್ನೊಬ್ಬನನ್ನು ಉಳಿಸುವುದು ಯಾವ ಗುಂಡಿನ ಕೈಯಲ್ಲೂ ಇರಲಿಲ್ಲ. ಇದರಿಂದ ನನಗೆ ಸಮಾಧಾನವಾಯಿತೇ ಎಂದು ಕೇಳಬೇಡ. ಮುರಾಂಬಿವಾನ ಮೊಮ್ಮಗಳು ಅವರಿಗೆ ಬುತ್ತಿ ತಂದಾಗ ಮಾತ್ರ ಆ ಮಗುವನ್ನು ನೋಡುತ್ತಾ ನಿಂತುಬಿಡುತ್ತೇನೆ.

ಹಾಗಾಗಿ ಈಗ ನನ್ನ ಉತ್ತರ ಕೇಳು. ತಾಮ್ರದ, ಎಸಳು ಬಿಚ್ಚುವ ಗುಂಡು ಹಾಕು, ಆ ಕೋವಿಗೆ ಸಿಗುವುದರಲ್ಲಿ ಭಾರದ್ದು. ಅದು ಅರಳುತ್ತದೆ, ಆದರೆ ತೂಕ ಕಳೆದುಕೊಳ್ಳುವುದಿಲ್ಲ. ಅರಳುವುದರಿಂದ ಆಚೆ ದಾಟಿ ಇನ್ನೊಂದಕ್ಕೆ ಬಡಿಯುವ ಭಯವೂ ಕಡಿಮೆ. ಮೊದಲ ಈಡಿಗೆ ಅದು, ಆಮೇಲಿನ ಈಡುಗಳಿಗೆ ನಿಮ್ಮಪ್ಪನ ಗಟ್ಟಿ ಗುಂಡು. ಓಡುವ ಕೋಣದ ಹಿಂಬದಿಯಿಂದ ಎದೆವರೆಗೆ ಹೋಗಲು ಅದೇ ಬೇಕು, ಅಷ್ಟರಮಟ್ಟಿಗೆ ಅವರ ಮಾತೂ ಸರಿ. ಕೆಟಲಾಗು ನೋಡಿ ಆರಿಸಬೇಡ, ಭರಣಿ ನೋಡಿಯೂ ಆರಿಸಬೇಡ. ಮತ್ತೆ ಒಳ್ಳೆಯ ಗುಂಡು ಇದೆ ಎಂದು ಕೆಟ್ಟ ಓರೆಯಿಂದ ಹೊಡೆಯಬೇಡ. ಕೋಣ ನಿಂತಿರುವಾಗ ಕಾಯುವುದು ನಿನ್ನ ಕೈಯಲ್ಲಿದೆ, ಕಾಯು. ಪರೀಕ್ಷಕರು ಗಡಿಯಾರ ನೋಡಿದರೆ ನೋಡಿಕೊಳ್ಳಲಿ.

ಇನ್ನೊಂದು. ನೀನು ಅಂಗಡಿಯಲ್ಲಿ ತುಂಬಿದ ತೋಟಾಗಳನ್ನೇ ಕೊಳ್ಳುತ್ತೀಯಂತೆ, ಅಲ್ಲಿಯ ಹುಡುಗರು ಹೇಳಿದರು. ಖಾಲಿ ತೋಟಾಕ್ಕೆ ಮದ್ದು, ಗುಂಡು ಹಾಕಿ ತಾನೇ ತುಂಬಿಕೊಳ್ಳುವ ಮನೆಯಲ್ಲಿ ಹುಟ್ಟಿದವಳು ನೀನು. ಮದ್ದು ತೂಗುವ ತಕ್ಕಡಿ ಇಲ್ಲಿ ನಿನ್ನ ಮೇಜಿನ ಮೇಲೆ ಆರು ವರ್ಷ ಧೂಳು ತಿನ್ನುತ್ತಾ ಕೂತಿತ್ತು. ಇದನ್ನು ಬೈಗುಳ ಎಂದು ತಿಳಿಯಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬೂಟಿನೊಳಗೆ ಕಾಲು ಹಾಕುವ ಮುಂಚೆ ಕೊಡವು, ಚೇಳುಗಳ ಕಾಲ. ಗಾಳಿ ಸದಾ ನಿನ್ನ ಮುಖಕ್ಕೆ ಬೀಸಲಿ, ಹೆಜ್ಜೆ ಸದ್ದಾಗದಿರಲಿ, ಹೋದ ದಾರಿಯಲ್ಲೇ ನಡೆದುಕೊಂಡು ವಾಪಸ್ಸು ಬಾ. ಇದಕ್ಕಿಂತ ಹೆಚ್ಚಿನದನ್ನು ದೇವರಲ್ಲಿ ನಾನು ಕೇಳುತ್ತಿಲ್ಲ.

ನಿನ್ನ ಅಮ್ಮ,
ಹೆಸ್ಟರ್

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನೀನು ಮೂರು ಸಲ ಕೇಳಿದ್ದು ಗುಂಡಿನ ವಿಷಯವಲ್ಲ ಎಂದು ನನಗೆ ಗೊತ್ತು.

ಮಣ್ಣು ಮಾಡಿ ಬಂದ ಸಂಜೆ, ಮನೆ ತುಂಬ ಜನ ಇದ್ದಾಗ, ನಿಮ್ಮಪ್ಪ ಅಂದರಲ್ಲ: "ತೋಟಾ ನೆಟ್ಟಗೆ ತುಂಬಿದ್ದಿದ್ರೆ ನನ್ನ ಹುಡುಗ ಇವತ್ತು ಇರ್ತಿದ್ದ." ಆಗ ನೀನು ಕಾಫಿ ಬಗ್ಗಿಸುತ್ತಿದ್ದೆ. ಕೆಟಲನ್ನು ಕೆಳಗಿಟ್ಟು, ಬಟ್ಟೆಯಿಂದ ಮೇಜು ಒರೆಸಿ, ಹೊರಗೆ ಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾನಿಯ ತೋಟಾಗಳನ್ನು ಆ ವಾರ ತುಂಬಿದವಳು ನೀನು ಎಂದು ನಿಮ್ಮಪ್ಪನಿಗೆ ಗೊತ್ತಿರಲಿಲ್ಲ. ಅವನೇ ತುಂಬಿಕೊಂಡಿದ್ದ ಎಂದುಕೊಂಡಿದ್ದರು. ಸತ್ತ ಮಗನನ್ನು ಬೈದಿದ್ದರು, ಬದುಕಿದ್ದ ಮಗಳಿಗೆ ತಾಗಿತು. ಆವತ್ತಿನಿಂದ ನೀನು ಆ ಮೇಜಿನ ಮುಂದೆ ಕೂತಿಲ್ಲ.

ಮೂಳೆ ಸೀಳಿದ ದಿನ ಚಪ್ಪರದಲ್ಲಿ ಆ ಗುಂಡನ್ನು ಅವರ ಕೈಗೆ ಕೊಟ್ಟೆ. ತೊಟ್ಟಿಯ ಹತ್ತಿರ ಹೋಗಿ ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು. ನಿನ್ನ ತಕ್ಕಡಿಯ ಧೂಳು ಊದಿ ತೂಗಿದರು. "ಹೆಚ್ಚುಕಮ್ಮಿ ಪೂರ್ತಿ ಇದೆ" ಅಂದರು. ಆಮೇಲೆ, "ಮದ್ದು ಕಮ್ಮಿ ಇದ್ದಿದ್ರೆ ಮೂಳೆ ಮುರೀತಿರ್ಲಿಲ್ಲ. ಚೆನ್ನಾಗಿ ತುಂಬಿದ್ದಾನೆ ಹುಡುಗ" ಅಂದರು.

"ತುಂಬಿದ್ದು ಹುಡುಗ ಅಲ್ಲ" ಅಂದೆ ನಾನು. "ಸನೆಟ್."

ಅವರು ಕನ್ನಡಕ ತೆಗೆದು ಅಂಗಿಯಂಚಿನಿಂದ ಒರೆಸುತ್ತಲೇ ಇದ್ದರು. ಗುಂಡನ್ನು ಭರಣಿಗೆ ಹಾಕಲು ಬಿಡಲಿಲ್ಲ, ಎದೆಯ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಾರೆ. ಅವರಿಗೆ ಕಾಗದ ಬರೆಯಲು ಬರುವುದಿಲ್ಲ, ಗೊತ್ತಲ್ಲ. ಇವತ್ತು ಬೆಳಿಗ್ಗೆ, ಈ ಕಾಗದ ತರಲಿರುವ ಸಾಮಾನಿನ ಲಾರಿ ಹೊರಡುವ ಮುಂಚೆ ಕುಂಟಿಕೊಂಡು ಬಂದು, ಒಂದು ಕಾಫಿ ಡಬ್ಬಿಯನ್ನು ಡ್ರೈವರನ ಪಕ್ಕ ಇಟ್ಟರು. ಅದರಲ್ಲಿ ಅವರ ದೊಡ್ಡ ಕೋವಿಯ ಖಾಲಿ ತೋಟಾಗಳಿವೆ, ಒಂದೊಂದನ್ನೂ ಉಜ್ಜಿ ತೊಳೆದಿದ್ದಾರೆ. ತಕ್ಕಡಿಯೂ ಅದರ ಜೊತೆ ಇದೆ.

"ಅವಳಿಗೆ ಬರಿ" ಅಂದರು. "ಈ ಸಲ ನಂದೂ ಅವಳೇ ತುಂಬಿ ಕಳಿಸ್ಲಿ. ಅದು ಬರೋವರೆಗೂ ನಾನು ಕೋಣದ ಹಿಂದೆ ಹೋಗಲ್ಲ."