ಬ್ರೆನ್‌ಫರ್ಡ್ ಸಂತೆಯ ಗಂಟೆ

ಡಾರ್ಕಸ್ ಅಕ್ಕಾ,

ಚೀಸ್ ಮಾರೋಕೆ ಬ್ರೆನ್‌ಫರ್ಡಿಗೆ ಬಂದು ಸೇರಿದೆ. ಗಂಟೆ ಹೋದಮೇಲೆ ನಮ್ಮ ಹ್ಯಾಲ್ಸ್‌ಬಿ ಸಂತೆ ನಿಂತು ಹತ್ತು ವರ್ಷ ಆಯ್ತು, ಇಲ್ಲಿ ಚೌಕದಲ್ಲಿ ಕಾಲಿಡೋಕೆ ಜಾಗ ಇಲ್ಲ. ನೋಡಿ ಹೊಟ್ಟೆ ಉರಿದುಹೋಯ್ತು. ಗಂಟೆ ಬಾರಿಸೋವರೆಗೂ ಇಲ್ಲಿ ಯಾರೂ ಏನೂ ಮಾರೋ ಹಾಗಿಲ್ಲವಂತೆ. ಗೊತ್ತಿಲ್ಲದೆ ಒಬ್ಬಳಿಗೆ ಚೀಸ್ ಕೊಯ್ದುಕೊಟ್ಟೆ. ಸಂತೆ ನೋಡಿಕೊಳ್ಳೋ ಮುದುಕ ಬಂದು, "ಯಾಕಮ್ಮಾ, ಹ್ಯಾಲ್ಸ್‌ಬಿಯೋರಿಗೆ ಗಂಟೆ ಅಂದ್ರೇನು ಅಂತ ಮರೆತೇಹೋಯ್ತಾ?" ಅಂತ ಎಲ್ಲರೆದುರು ನಕ್ಕ.

ಮಧ್ಯಾಹ್ನ ಆ ಗಂಟೆ ಇರೋ ಗೋಪುರ ಹತ್ತಿ ನೋಡಿದೆ. ಗಂಟೆಯ ಮೇಲೆ ನಮ್ಮೂರ ಹೆಸರಿದೆ. ಸೀಳುಬಿಟ್ಟಿತ್ತು, ಕರಗಿಸೋಕೆ ಕೊಟ್ವಿ ಅಂತ ಊರಸಭೆಯಲ್ಲಿದ್ದ ಅಪ್ಪ ಹೇಳ್ತಿದ್ನಲ್ಲ, ಅದೇ ಗಂಟೆ.

ಮೆಟ್ಟಿಲು ಹತ್ತಿ ಮಂಡಿ ಊದಿದೆ, ಮುಲಾಮು ಕಳಿಸು. ಅಂಚೆಯವನು ಕಾಯ್ತಿದ್ದಾನೆ. ಅಪ್ಪನಿಗೆ ಹೇಳು, ಗಂಟೆಗೆ ಒಂದು ಸೀಳೂ ಇಲ್ಲ.

ನಿನ್ನ ಏಡಾ