ಸೋಪಿನ ನೊರೆ ಕಾಣದ ಜಾಯಿಂಟು

ಪಾಲುದಾರ ಮಹಾಶಯರೇ,

ಹೀಗೆ ಕರೆದರೆ ನೀನು ಉಗಿಯುತ್ತಿದ್ದೆ. ಆದರೂ ತೀರಿಕೊಂಡು ವರ್ಷವಾದವನಿಗೆ ಅಷ್ಟಾದರೂ ಮರ್ಯಾದೆ ಬೇಡವೇ?

ವರದಿ ಇಷ್ಟೇ. ನಮ್ಮ ಪೇಂಟಿಂಗ್ ಶೆಡ್ಡಿನ ಮುದಿ ಕಂಪ್ರೆಸರು ಇವತ್ತು ಆರೇ ನಿಮಿಷದಲ್ಲಿ ಟ್ಯಾಂಕು ತುಂಬಿಸಿತು. ಮೊದಲು ದಿನವಿಡೀ ಓಡಿದರೂ ಗಾಳಿ ಸಾಲದೆ, ಬಾಗಿಲಿಗೆ ಹೊಡೆದ ಬಣ್ಣ ಸಿಡುಬಿನ ಮುಖದಂತೆ ಕಾಣುತ್ತಿತ್ತು. "ಎಲ್ಲೋ ಗಾಳಿ ಸೋರ್ತಿದೆ ಕಣೋ" ಅಂತ ನೀನು, "ನೀನು ಕೂರಿಸಿದ ಪಿಸ್ಟನ್ನೇ ಸರಿಯಿಲ್ಲ" ಅಂತ ನಾನು. ಆ ಮಾತಿಗೇ ನೀನು ಸ್ಪ್ಯಾನರ್ ಎಸೆದು ಹೋದದ್ದು. ನೀನು ಸಾಯುವವರೆಗಿನ ಎಂಟು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗುಜರಿಗೆ ಹಾಕುವ ಮುನ್ನ ಕಡೆಯದಾಗಿ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿದೆ. ಸೋರಿದರೆ ಗುಳ್ಳೆ ಏಳುತ್ತದಲ್ಲ. ನೀನು ಬಿಗಿದ ಹನ್ನೊಂದರಲ್ಲಿ ಒಂದೂ ಗುಳ್ಳೆಯಿಲ್ಲ. ಊಟದ ಡಬ್ಬಿ ತಂದ ನನ್ನ ಹೆಂಡತಿ ನೋಡುತ್ತ ನಿಂತಳು.

"ಟ್ಯಾಂಕಿನ ಹಿಂದಿನದಕ್ಕೆ ಯಾಕೆ ಹಚ್ಚಲಿಲ್ಲ?"

"ಅದು ನಾನೇ ಬಿಗಿದದ್ದು ಕಣೇ."

"ಓಹೋ, ನೀವು ಬಿಗಿದದ್ದು ಅಂತ ಗಾಳಿ ಹೆದರ್ಕೊಂಡು ಒಳಗೇ ಕೂತಿರುತ್ತಾ?"

ಹಚ್ಚಿದೆ. ನೊರೆ ದ್ರಾಕ್ಷಿ ಗೊಂಚಲಿನಂತೆ ಉಬ್ಬಿತು. ಅವಳು ನಗಲಿಲ್ಲ, ಡಬ್ಬಿ ಇಟ್ಟು ಹೊರಟುಹೋದಳು. ಗಾಳಿ ಖಾಲಿ ಮಾಡಿ, ಜಾಯಿಂಟು ಬಿಚ್ಚಿ, ಸೋರದಂತೆ ಮರೆಗೆ ಟೇಪು ಸುತ್ತಿ ಮತ್ತೆ ಬಿಗಿದೆ. ಹತ್ತು ನಿಮಿಷದ ಕೆಲಸ.

ಈಗ ಟ್ಯಾಂಕು ತುಂಬಿದೊಡನೆ ಯಂತ್ರ ತಾನಾಗಿ ನಿಲ್ಲುತ್ತದೆ. ನಾವಿಬ್ಬರಿದ್ದಾಗ ಅದು ನಿಂತದ್ದೇ ಇಲ್ಲ. "ಟೀ ಕುಡಿತೀಯಾ" ಅನ್ನುವುದನ್ನೂ ಕಿರುಚಿಯೇ ಕೇಳಬೇಕಿತ್ತು. ಇವತ್ತು ಶೆಡ್ಡಿನಲ್ಲಿ ಪಿಸುಮಾತು ಆಡಿದರೂ ಕೇಳಿಸುತ್ತದೆ. ಒಂದು ಸಲ ಆಡಿಯೂ ನೋಡಿದೆ. ಏನೆಂದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ.