ವಿರಾಮದ ಹದಿನೈದು ನಿಮಿಷ

ಕ್ಲಬ್ಬಿನ ಉಡುಪು ಕೋಣೆಯಿಂದ,
ಭಾನುವಾರ, ಮೇ ಹದಿನೆಂಟು

ಪ್ರೀತಿಯ ಮಗಳಿಗೆ,

ಈ ಪತ್ರವನ್ನು ನಿನ್ನ ಅತ್ತೆಯೇ ಓದಿ ಹೇಳುತ್ತಿರಬೇಕು. ಆದ್ದರಿಂದ ಮೊದಲು ಅವಳಿಗೊಂದು ಮಾತು. ನಿಧಾನವಾಗಿ ಓದು, ನಡುನಡುವೆ ನಿನ್ನ ಅಭಿಪ್ರಾಯ ಸೇರಿಸಬೇಡ. ಪರದೆ ಪೂರ್ತಿ ಎಳೆದಿದೆಯೇ ನೋಡು, ಅವಳ ಕಣ್ಣಿಗೆ ಬೆಳಕು ತಾಗಕೂಡದು.

ನೀನು ಹೇಳಿ ಬರೆಸಿದ ಕಾಗದ ತಲುಪಿತು. ಅದರಲ್ಲೂ ಕ್ಷಮೆ ಕೇಳಿದ್ದೀ. ತಲೆಗೆ ಪೆಟ್ಟು ಬಿದ್ದ ದಿನ ನಿನ್ನ ಮಾತು ಕೇಳದೆ ಹಠ ಹಿಡಿದು ಆಡಿದೆ, ಅಮ್ಮಾ, ನಿನಗೆ ಈ ವಯಸ್ಸಲ್ಲಿ ಇಂಥ ಸಂಕಟ ತಂದೆ ಅಂತ. ಹದಿನಾಲ್ಕು ತಿಂಗಳಲ್ಲಿ ಇದು ಎಷ್ಟನೆಯ ಸಲವೋ. ಇನ್ನು ಕೇಳಬೇಡ. ಅದನ್ನು ಓದಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ.

ನಿನ್ನೆ ಫುಟ್‌ಬಾಲ್ ಸೀಸನ್ ಮುಗಿಯಿತು. ನಮ್ಮ ಕ್ಲಬ್ಬು ಕೆಳಗಿನ ದರ್ಜೆಗೆ ಇಳಿಯಿತು. ರೇಡಿಯೋದಲ್ಲಿ ಕೇಳಿರುತ್ತೀ. ಕಾರಣ ಮಾತ್ರ ಅವರು ಹೇಳಿರಲಾರರು. ಕಾರಣ ನಾನು.

ನೀನು ಹೋದ ಮೇಲೆ ಗೋಲಿನ ಮುಂದೆ ನಿಂತವಳು ಗುಬ್ಬಿ, ನಿನ್ನ ಹತ್ತಿರವೇ ಡೈವ್ ಹೊಡೆಯುವುದನ್ನು ಕಲಿತ ಹುಡುಗಿ. ನಿನ್ನ ಒಂದನೇ ನಂಬರಿನ ಅಂಗಿಯನ್ನು ಅವಳಿಗೆ ಕೊಡುವಾಗ ಭುಜದ ಹತ್ತಿರ ಎರಡು ಬೆರಳು ಒಳಗೆ ಹಿಡಿದು ಹೊಲಿಯಬೇಕಾಯಿತು. ಒಳ್ಳೆಯ ಹುಡುಗಿ. ಆದರೆ ಅವಳು ಅದನ್ನು ತೊಟ್ಟು ಬೆನ್ನು ತಿರುಗಿಸಿದಾಗಲೆಲ್ಲ ನನ್ನ ಕೈಯಲ್ಲಿದ್ದ ಬಟ್ಟೆ ಜಾರುತ್ತಿತ್ತು.

ಇನ್ನೊಂದು ವಿಷಯ. ಅತ್ತೆ ನಗಬಾರದು. ನೀನು ಮೈದಾನಕ್ಕೆ ಇಳಿಯುವ ಮುಂಚೆ ಗ್ಲೌಸ್ ತೊಟ್ಟ ಕೈಗಳನ್ನು ಎರಡು ಸಲ ತಟ್ಟುತ್ತಿದ್ದೆಯಲ್ಲ, ಆ ಸದ್ದು ಪ್ರತಿ ಪಂದ್ಯದ ದಿನವೂ ಬಟ್ಟೆ ಒಣಗಿಸುವ ಕೋಣೆಯಿಂದ ಬರುತ್ತದೆ. ಹೋಗಿ ನೋಡಿದರೆ ತಂತಿಗೆ ಸಾಲಾಗಿ ಸಿಕ್ಕಿಸಿದ ಗ್ಲೌಸುಗಳು, ಒಂದೂ ಅಲುಗಿರುವುದಿಲ್ಲ. ದೆವ್ವ ಭೂತ ನಂಬುವವಳಲ್ಲ ನಾನು. ಅದೂ ಬದುಕಿರುವ ಮಗಳು ತಾಯಿಯನ್ನು ಹೀಗೆ ಕಾಡುವುದುಂಟೇ? ಬಟ್ಟೆ ಒಣಗಿಸುವ ಮಷಿನ್ ಕೆಟ್ಟಿರಬೇಕೆಂದು ಮೆಕ್ಯಾನಿಕ್‌ನನ್ನು ಕರೆಸಿದೆ. ಅವನು ಎಲ್ಲ ಬಿಚ್ಚಿ ನೋಡಿ, ಅಮ್ಮಾ, ಮಷಿನ್ ಗಟ್ಟಿಮುಟ್ಟಾಗಿದೆ, ನೀವೇ ಸ್ವಲ್ಪ ರೆಸ್ಟ್ ತಗೊಳ್ಳಿ ಅಂದ. ಅವನಿಗೆ ಚಹಾ ಕೂಡ ಕೊಡದೆ ಕಳಿಸಿದೆ.

ನಿನ್ನೆ ಪಂದ್ಯ ಸಮವಾದರೂ ಸಾಕಿತ್ತು, ಮೇಲಿನ ದರ್ಜೆಯಲ್ಲೇ ಉಳಿಯುತ್ತಿದ್ದೆವು. ಮೊದಲರ್ಧದ ಕೊನೆಯಲ್ಲಿ ಎದುರಾಳಿಯ ಮೊಣಕಾಲು ಗುಬ್ಬಿಯ ತಲೆಗೆ ಬಡಿಯಿತು. ಅವಳು ಎದ್ದು ಹೆಬ್ಬೆರಳು ತೋರಿಸಿದಳು, ಜನ ಚಪ್ಪಾಳೆ ಹೊಡೆದರು. ವಿರಾಮದಲ್ಲಿ ನಾನು ಒಣ ಅಂಗಿಗಳನ್ನು ಹಂಚುತ್ತಿದ್ದೆ. ಆಗ ಆ ಸದ್ದು ಕೇಳಿಸಿತು. ವಿರಾಮದ ಹೊತ್ತಿನಲ್ಲಿ ಅದು ಎಂದೂ ಬಂದಿರಲಿಲ್ಲ. ಒಣಗಿಸುವ ಕೋಣೆಗೆ ಓಡಿದೆ. ಗುಬ್ಬಿ ಮೂಲೆಯಲ್ಲಿ ಕೂತು ಟವೆಲ್ಲಿಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಅವಳ ಕೈಯಲ್ಲಿ ಗ್ಲೌಸ್ ಇರಲಿಲ್ಲ.

ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಮ್ಮಾ, ಯಾರಿಗೂ ಹೇಳ್ಬೇಡಿ, ಇನ್ನು ನಲವತ್ತೈದು ನಿಮಿಷ ಅಷ್ಟೇ, ನಿಮ್ಮ ದಮ್ಮಯ್ಯ ಅಂದಳು. ಸ್ಕೋರ್ ಎಷ್ಟು ಹೇಳು ಅಂದೆ. ಹೋದ ವಾರದ ಪಂದ್ಯದ್ದು ಹೇಳಿದಳು.

ಆಟಗಾರ್ತಿ ಡಾಕ್ಟರಿಗೆ ಸುಳ್ಳು ಹೇಳಬಹುದು, ಬಟ್ಟೆ ಒಗೆಯುವವಳಿಗೆ ಹೇಳಲಾಗುವುದಿಲ್ಲ. ಬೆವರು ಯಾವುದು, ಭಯ ಯಾವುದು, ಎಲ್ಲ ನನ್ನ ಬಕೆಟ್ಟಿಗೇ ಬರುತ್ತದೆ. ಹದಿನಾಲ್ಕು ತಿಂಗಳ ಹಿಂದೆ, ಇಂಥದೇ ಒಂದು ವಿರಾಮದಲ್ಲಿ, ನಿನ್ನ ಟವೆಲ್ಲೂ ಬಂದಿತ್ತು. ಆಟ ಮತ್ತೆ ಶುರುವಾಗಿ, ಎರಡನೆಯ ಪೆಟ್ಟಿಗೆ ನೀನು ಬಿದ್ದು, ಆಂಬುಲೆನ್ಸ್ ಹೋದ ಮೇಲೆ, ಯಾರೂ ನೋಡುವ ಮುಂಚೆ ಅದನ್ನು ಒಗೆದು ಒಣಹಾಕಿದೆ. ಬಾಯಿ ಬಿಡಬೇಡಮ್ಮಾ ಎಂದು ನೀನೇ ನನ್ನನ್ನು ಬೇಡಿಕೊಂಡೆ, ನಾನು ಮಣಿದೆ ಎಂದು ಎಲ್ಲರಿಗೂ ಹೇಳಿದ್ದೇನೆ, ನಿನಗೂ ಹೇಳಿದ್ದೇನೆ. ನಿನಗಂತೂ ಆ ದಿನದ ಒಂದು ಚೂರೂ ನೆನಪಿಲ್ಲ.

ನಿನ್ನೆ ಟವೆಲ್ಲನ್ನು ಹಾಗೆಯೇ ಹಿಡಿದುಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟೆ. ಕೋಚ್ ಕೆಂಡಾಮಂಡಲವಾದರು. ನಿಮ್ಮ ಕೆಲಸ ಬಟ್ಟೆ, ಅದನ್ನ ನೋಡ್ಕೊಳ್ಳಿ ಅಂದರು. ಅದನ್ನೇ ನೋಡಿ ಬಂದೆ ಅಂದೆ. ಡಾಕ್ಟರಮ್ಮ ಒಂದೇ ನಿಮಿಷದಲ್ಲಿ ಗುಬ್ಬಿಯನ್ನು ಆಟದಿಂದ ಹೊರಗಿಟ್ಟರು. ಬದಲಿಗೆ ಇಳಿದವಳು ಒಂದು ಪಂದ್ಯವನ್ನೂ ಆಡಿರದ ಮಗು, ಎರಡು ಗೋಲು ಬಿಟ್ಟಳು. ಹೊರಗೆ ಬರುವಾಗ ಗೇಟಿನ ಹತ್ತಿರ ಒಬ್ಬ, ನೋಡ್ರೋ, ಇಡೀ ಟೀಮನ್ನ ನೀರಲ್ಲಿ ಮುಳುಗಿಸಿದೋಳು ಬಂದ್ಲು ಅಂತ ಕೂಗಿದ. ನಾನು ತಲೆ ತಗ್ಗಿಸಲಿಲ್ಲ. ಹುಡುಗಿಯರು ಯಾರೂ ಹೋಗಿ ಬರ್ತೀವಿ ಅನ್ನಲಿಲ್ಲ. ಅವರ ಅಂಗಿಗಳನ್ನು ಒಬ್ಬಳೇ ಎಣಿಸಿಕೊಂಡೆ.

ಇವತ್ತು ಬೆಳಗ್ಗೆ ಆಸ್ಪತ್ರೆಗೆ ಹೋಗಿದ್ದೆ. ಗುಬ್ಬಿ ಮುಖ ಗೋಡೆಗೆ ತಿರುಗಿಸಿ ಮಲಗಿದ್ದಳು. ಮೂರು ತಿಂಗಳಲ್ಲಿ ಸರಿಹೋಗುತ್ತಾಳಂತೆ. ಇನ್ನೊಂದು ಪೆಟ್ಟು ಬಿದ್ದಿದ್ದರೆ ಎಂದು, ಅಲ್ಲೇ ಇದ್ದ ನಮ್ಮ ಡಾಕ್ಟರಮ್ಮ ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು.

ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ. ಗೋಡೆ ಹಿಡಿದಾದರೂ ದಿನಕ್ಕೆ ಹತ್ತು ಹೆಜ್ಜೆ ನಡೆ. ಇಲ್ಲಿಗೆ ಅತ್ತೆಯ ಓದು ಮುಗಿಯಿತು. ಜೊತೆಗಿರುವ ಚಿಕ್ಕ ಹಾಳೆಯನ್ನು ಬಿಡಿಸದೆ ನಿನ್ನ ಕೈಗೆ ಕೊಡಲಿ.

ನಿನ್ನ
ಅಮ್ಮ

ಮರೆತದ್ದಲ್ಲ, ಬೇಕೆಂದೇ ಬೇರೆ ಬರೆದದ್ದು: ನೀನೇ ಓದಲೆಂದು ದಪ್ಪ ಅಕ್ಷರಗಳಲ್ಲಿ ಬರೆದಿದ್ದೇನೆ. ಒಂದೊಂದೇ ಸಾಲು ಓದು. ಕಣ್ಣು ನೊಂದರೆ ನಿಲ್ಲಿಸಿ, ನಾಳೆ ಓದು. ಆದರೆ ಓದು.

ಹೇಳಬೇಡಿ ಅಂದವಳು ಗುಬ್ಬಿ. ನೀನು ಹಾಗೆ ಅಂದಿರಲಿಲ್ಲ.

ಅಮ್ಮಾ, ಚೆಂಡು ಎರಡೆರಡು ಕಾಣ್ತಿದೆ, ನನ್ನ ಕೈಲಾಗಲ್ಲ, ಡಾಕ್ಟರಮ್ಮಂಗೆ ಹೇಳು ಅಂದಿದ್ದೆ.

ನಾನು ಬಾಗಿಲು ಹಾಕಿದೆ. ನನ್ನ ಮಗಳು ಅರ್ಧಕ್ಕೆ ಬಿಟ್ಟು ಬರೋಳಲ್ಲ, ಏಳು ಅಂದೆ.

ನಿನ್ನ ಮುಖ ತೊಳೆದು, ಗ್ಲೌಸ್ ತೊಡಿಸಿದವಳು ನಾನು.

ನೀನು ಹಠ ಮಾಡಲಿಲ್ಲ ಮಗಳೇ. ನನ್ನ ಮಾತು ಕೇಳಿದೆ.